ತೂಕವೂ ಗಾಳಿಯೂ

ಯಾರಾದರೂ ತುಸು ಮೈ ಇಳಿದು ಕಂಡರೆ, “ಏನು, ಮೈಯಲ್ಲಿ ಹುಷಾರಿರಲಿಲ್ಲವೆ?” ಎಂದು ಕೇಳುವುದು ನಮ್ಮಲ್ಲಿನ ವಾಡಿಕೆ. ಬೈಸಿಕಲ್ ಪಂದ್ಯಗಳ ಲೋಕದಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿ ಮೈ ಇಳಿದವನೇ ಭಾಗ್ಯವಂತ. ಅವನ ಗೆಲುವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲವೆಂದು ಬಹಳ ಮಂದಿಯ ಎಣಿಕೆ. ಈ ಪಂದ್ಯಗಳ ವರದಿ ಓದುವ ಚಪಲ ನನಗುಂಟಾದ್ದರಿಂದ, ಆ ಎಣಿಕೆಯನ್ನೇ ಒಮ್ಮೆ ತೂಗಿ ನೋಡೋಣವೆನಿಸಿದೆ.

ಬೆಟ್ಟ ಹತ್ತುವಾಗ ಮಾತು ಸರಿಯೇ. ಅಲ್ಲಿ ಸವಾರನ ಹೋರಾಟ ಭೂಮಿಯ ಸೆಳೆತದೊಡನೆ. 5 ಕಿಲೋ ಇಳಿದವನು ಅಷ್ಟು ತೂಕದ ಅಕ್ಕಿಯ ಗಂಟನ್ನು ಕೆಳಗಿಟ್ಟು ಹೊರಟಂತೆ. ಟೈಮ್ ಟ್ರಯಲ್ ಎಂಬ ಪಂದ್ಯದ ರೀತಿ ಬೇರೆ. ಅಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ಗಾಳಿಗೆ ಮರೆಯಾಗಲು ಮುಂದೆ ಇನ್ನೊಬ್ಬನ ಬೆನ್ನಿಲ್ಲ, ದಾರಿಯೂ ಹೆಚ್ಚಾಗಿ ಸಮತಟ್ಟು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅವನ ಶಕ್ತಿಯಲ್ಲಿ ನೂರಕ್ಕೆ 80ಕ್ಕೂ ಮಿಕ್ಕ ಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚ. ಆಷಾಢದ ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿ ತಕ್ಕಡಿ ಹಿಡಿದು ನಿಂತಿಲ್ಲ; ಅದಕ್ಕೆ ಲೆಕ್ಕ ಎದುರು ಬಂದ ಮೈಯ ಅಗಲ ಮತ್ತು ಬಾಗಿದ ಭಂಗಿ. 5 ಕಿಲೋ ಇಳಿದರೆ ಚಕ್ರ ಉರುಳುವುದು ಕೊಂಚ ಹಗುರವಾಗುತ್ತದೆ. ನಾನು ಗುಣಿಸಿ ನೋಡಿದ ಮಟ್ಟಿಗೆ, ಒಂದು ಗಂಟೆಯ ಓಟದಲ್ಲಿ ಅದರಿಂದ ಉಳಿಯುವುದು 10 ಸೆಕೆಂಡಿನೊಳಗೆ. ಭುಜ ಕಿರಿದಾದರೆ ಇನ್ನಷ್ಟು ಸಿಕ್ಕೀತು. ಕೊಬ್ಬಿನೊಡನೆ ಸ್ನಾಯುವೂ ಕರಗಿದರೆ ಅದೂ ಹೋದೀತು.

ಸ್ಪೇನಿನ ಮಿಗುಯೆಲ್ ಇಂಡುರೈನ್ ಆರಡಿ ಮೀರಿದ ಆಳು, ತೂಕ 80 ಕಿಲೋ ಆಸುಪಾಸು. 1991ರಿಂದ 1995ರವರೆಗೆ ಐದು ವರ್ಷವೂ ಟೂರ್ ದ ಫ್ರಾನ್ಸ್ ಗೆದ್ದದ್ದು ಮುಖ್ಯವಾಗಿ ಈ ಒಂಟಿ ಓಟಗಳ ಬಲದಿಂದ. 1994ರ ಟೂರಿನಲ್ಲಿ ತನಗಿಂತ ಎರಡು ನಿಮಿಷ ಮೊದಲೇ ಹೊರಟಿದ್ದ ಅಮೆರಿಕದ ತರುಣನೊಬ್ಬನನ್ನು ಆತ ಹಿಡಿದು ಹಿಂದೆ ಹಾಕಿದ. ಆ ತರುಣ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್.

1996ರಲ್ಲಿ ಆರ್ಮ್‌ಸ್ಟ್ರಾಂಗನಿಗೆ ಕ್ಯಾನ್ಸರ್ ಕಾಣಿಸಿತು. ಗುಣವಾಗಿ ಬಂದವನು 1999ರ ಟೂರನ್ನು ಗೆದ್ದ. ಅದರಲ್ಲಿನ ಒಂಟಿ ಓಟಗಳನ್ನೂ ಒಂದೂ ಬಿಡದೆ ಗೆದ್ದ. ಕಾಯಿಲೆ ಅವನ ಮೈಯನ್ನು ಹೊಸದಾಗಿ ಕಡೆದಿದೆ, ತೂಕ ಇಳಿದಿದೆ, ಅದೇ ರಹಸ್ಯ ಎಂಬ ಮಾತು ಹಬ್ಬಿತು. ಬೆಟ್ಟಕ್ಕೆ ಒಪ್ಪುವ ಕಾರಣವನ್ನು ಬಯಲಿಗೂ ಹೊದಿಸಿದರು. ಕಥೆ ಚೆಲುವಾಗಿತ್ತು, ಆಸ್ಪತ್ರೆಯ ಹಾಸಿಗೆಗಳಲ್ಲಿ ಮಲಗಿದ್ದ ಎಷ್ಟೋ ಮಂದಿಗೆ ಅದು ಧೈರ್ಯ ಕೊಟ್ಟಿತು. 2012ರಲ್ಲಿ ಅವನ ಏಳು ಟೂರ್ ಪ್ರಶಸ್ತಿಗಳೂ ರದ್ದಾದವು. 2013ರ ಜನವರಿಯಲ್ಲಿ, ಏಳರಲ್ಲಿಯೂ ನಿಷಿದ್ಧ ಮದ್ದಿನ ನೆರವಿತ್ತೆಂದು ಅವನೇ ಒಪ್ಪಿಕೊಂಡ. ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಎಪೋ ಅದರಲ್ಲೊಂದು.

ಸಾವಿನ ಬಾಯಿಂದ ಎದ್ದು ಬಂದದ್ದು ಸುಳ್ಳಲ್ಲ, ಅಷ್ಟೇ ಸಾಕಿತ್ತು. ಅದನ್ನು ಮೋಸಕ್ಕೆ ಮುಸುಕಾಗಿಸಿದ್ದು ನನಗೆ ಪ್ರಶಸ್ತಿಯ ಕಳವಿಗಿಂತಲೂ ಹೆಚ್ಚಾಗಿ ನೋಯುತ್ತದೆ. ಈಗಲೂ ಒಬ್ಬ ಸವಾರ ಒಂಟಿ ಓಟದಲ್ಲಿ ಹಠಾತ್ತನೆ ಮುಂದೆ ಬಂದಾಗ, “ಮೈ ಇಳಿಸಿದ್ದಾನೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅನುಮಾನಪಡಬೇಕೆಂದಲ್ಲ, ಭಂಗಿ ತಿದ್ದಿಕೊಂಡಿರಬಹುದು, ಸಾಧನೆ ಹೆಚ್ಚಿರಬಹುದು. ಎಷ್ಟು ಕಿಲೋ ಇಳಿಯಿತೆಂದು ಕೇಳುವ ಮುಂಚೆ, ದಾರಿ ಏರೋ ಸಮತಟ್ಟೋ ಎಂದು ಕೇಳಿದರೆ ಸಾಕು.