ಸಂಜೆ ಐದೂವರೆಯ ಜಿಮ್ಮು

2024 ಸೆಪ್ಟೆಂಬರ್ 23, ಸೋಮವಾರ

ಮೂಳೆ ಡಾಕ್ಟರು ನನ್ನ ಮೊಣಕಾಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೀಲಿಗೆ ಏನೂ ಆಗಿಲ್ಲ, ಅದನ್ನು ಹಿಡಿದು ನಿಲ್ಲಿಸುವ ತೊಡೆಯ ಸ್ನಾಯು ಸೋತಿದೆ ಎಂದರು. "ದಿನಾ ವಾಕಿಂಗ್ ಮಾಡ್ತೇನಲ್ಲ ಡಾಕ್ಟ್ರೇ" ಎಂದೆ. "ಮಾಡಿ, ಅದು ಹೃದಯಕ್ಕೆ. ಸ್ನಾಯುವಿಗೆ ಭಾರ ಬೇಕು." ವಿಶ್ವ ಆರೋಗ್ಯ ಸಂಸ್ಥೆಯ ಮಾತೂ ಅದೇ: ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದು, ಅದಲ್ಲದೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಈ ಎರಡನೆಯ ಅರ್ಧವನ್ನು ನಮ್ಮ ಕಡೆ ಹೆಂಗಸರಿಗೆ ಯಾರೂ ಹೇಳುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಜಿಮ್ಮಿಗೆ ಸೇರುವ ವಿಷಯ ಎತ್ತಿದೆ. ಅತ್ತೆ ನಕ್ಕರು. "ಜಿಮ್ಮಾ? ತೋಟಕ್ಕೆ ಇಳಿದು ಅಡಿಕೆ ಹೆಕ್ಕು, ಎಲ್ಲ ಸರಿಯಾಗ್ತದೆ. ಆ ಮಿಜಾರಿನ ಹುಡುಗ ಯಾವ ಜಿಮ್ಮಿಗೆ ಹೋಗಿದ್ದ?" ಅವರು ಹೇಳಿದ್ದು ಶ್ರೀನಿವಾಸ ಗೌಡರ ಮಾತು, 2020ರಲ್ಲಿ ಐಕಳ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದಿಲ್ಲಿಯವರೆಗೆ ಸುದ್ದಿಯಾದವರು. "ಅವರಿಗೂ ಕಂಬಳ ಅಕಾಡೆಮಿಯಲ್ಲಿ ತರಬೇತಿ ಆಗಿದೆ ಅತ್ತೆ" ಎಂದೆ. ತೋಟದ ಕೆಲಸ ಕಡಿಮೆಯದ್ದೆಂದಲ್ಲ. ಬಗ್ಗಿ ಹೆಕ್ಕುವುದರಲ್ಲಿ ಸೊಂಟ ಮಾತ್ರ ದುಡಿಯುತ್ತದೆ, ತೊಡೆಗೆ ರಜೆ. ಅತ್ತೆಯ ಸೊಂಟವೇ ಅದಕ್ಕೆ ಸಾಕ್ಷಿ. ಅದನ್ನು ಮಾತ್ರ ಹೇಳಲಿಲ್ಲ.

ಸೆಪ್ಟೆಂಬರ್ 28, ಶನಿವಾರ

ಗುರುಪುರ ಕೈಕಂಬದ ಜಿಮ್ಮು ನೋಡಿ ಬಂದೆ. ನಮ್ಮ ಪೊಳಲಿಯಿಂದ ಅಲ್ಲಿಗೆ ಹೋಗುವುದೇ ಒಂದು ವ್ಯಾಯಾಮ. ಆಗಸ್ಟಿನಿಂದ ಅಡ್ಡೂರು ಸೇತುವೆಯ ಮೇಲೆ ಘನ ವಾಹನ ಬಿಡುವುದಿಲ್ಲ. ಬಸ್ಸು ಈಚೆ ಇಳಿಸುತ್ತದೆ. ಫಲ್ಗುಣಿ ನದಿಯನ್ನು ನಡೆದು ದಾಟಿ ಆಚೆಯಿಂದ ಇನ್ನೊಂದು ಹಿಡಿಯಬೇಕು. ಕೊಡೆಯೊಳಗೂ ಮಳೆ ನುಗ್ಗುತ್ತಿತ್ತು.

ಜಿಮ್ಮು ಚೆನ್ನಾಗಿದೆ. ನೆಲ ಒಣಗಿತ್ತು, ತೂಕದ ತಟ್ಟೆಗಳು ತಂತಮ್ಮ ಜಾಗದಲ್ಲಿದ್ದವು, ಕಲಿಸುವವಳೂ ಒಬ್ಬ ಹುಡುಗಿ. ಆದರೆ ಹೆಂಗಸರ ಸಮಯ ಬೆಳಿಗ್ಗೆ 10ರಿಂದ 12. ಆ ಹೊತ್ತಿಗೆ ನಾನು ಬಿ.ಸಿ. ರೋಡಿನ ಸೊಸೈಟಿಯ ಕೌಂಟರಿನಲ್ಲಿ ಪಾಸ್‌ಬುಕ್ ಬರೆಯುತ್ತಿರುತ್ತೇನೆ. ದುಡಿಯುವ ಹೆಂಗಸು ಇವರ ಲೆಕ್ಕದಲ್ಲೇ ಇಲ್ಲ. "ಸಂಜೆಯೂ ಬರಬಹುದು ಅಕ್ಕ, ಆದ್ರೆ ಆಗ ಹುಡುಗರು ಮಾತ್ರ ಇರೋದು" ಎಂದು ಅವಳೇ ತಗ್ಗಿದ ದನಿಯಲ್ಲಿ ಹೇಳಿದಳು.

ಅಕ್ಕ ಫೋನಿನಲ್ಲಿ ಮಂಗಳೂರಿನದ್ದೊಂದನ್ನು ಹೊಗಳುತ್ತಾಳೆ. ಹೋಗಿ ಬರುವುದರಲ್ಲೇ ಸಂಜೆ ಮುಗಿಯುವ ಜಾಗವನ್ನು ನೋಡುವುದೇ ಬೇಡ.

ಅಕ್ಟೋಬರ್ 5, ಶನಿವಾರ

ಬಿ.ಸಿ. ರೋಡಿನ ದೊಡ್ಡದು. ಎ.ಸಿ., ಗೋಡೆ ತುಂಬ ಕನ್ನಡಿ, ಸಾಲಾಗಿ ಟ್ರೆಡ್‌ಮಿಲ್. ಮಾಲೀಕರು ಒಂದೊಂದೇ ಯಂತ್ರದ ಬೆಲೆ ಹೇಳುತ್ತಾ ಸುತ್ತಾಡಿಸಿದರು, ಹೊಸ ಮನೆಯ ಒಕ್ಕಲಿಗೆ ಬಂದವರಿಗೆ ತೋರಿಸುವ ಹಾಗೆ. ನನ್ನ ಮೊಣಕಾಲಿನ ವಿಷಯ ಯಾರೂ ಕೇಳಲಿಲ್ಲ. ವಯಸ್ಸು ಕೇಳಲಿಲ್ಲ, ಬಿ.ಪಿ. ಕೇಳಲಿಲ್ಲ. ಫೋನ್ ನಂಬರ್ ಕೇಳಿದರು. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಮೂರು ತಿಂಗಳು ಉಚಿತವಂತೆ, ಅದೂ ಇವತ್ತೇ ಕಟ್ಟಿದರೆ. ನಾಳೆ ಕೊಡಲಾಗದ ರಿಯಾಯಿತಿ ಎಂತದ್ದೆಂದು ಸಾಲದ ಕಾಗದ ನೋಡಿ ಬದುಕುವ ನನಗೆ ಗೊತ್ತಿಲ್ಲವೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ಓಡುತ್ತಿದ್ದವರೆಲ್ಲ ಯಂತ್ರದ ಮೇಲೆ ಕಂಬದಂತೆ ನಿಂತರು. ಮೂಲೆಯಲ್ಲಿ ಡಂಬಲ್ ಹಿಡಿದಿದ್ದವನು ಮಾತ್ರ ಕತ್ತಲೆಯಲ್ಲೂ ಎತ್ತುತ್ತಲೇ ಇದ್ದ. ನಮ್ಮ ಮಳೆಗಾಲದ ಊರಿನಲ್ಲಿ ಟ್ರೆಡ್‌ಮಿಲ್ ಎಷ್ಟಿವೆ ಎಂದು ಎಣಿಸಿ ಜಿಮ್ಮು ಆರಿಸುವುದರಲ್ಲಿ ಅರ್ಥವಿಲ್ಲ.

ಹೊರಡುವಾಗ ಕೌಂಟರಿನ ಪ್ರೋಟೀನ್ ಪುಡಿಯ ಡಬ್ಬ ತೋರಿಸಿ "ಇದೂ ಬೇಕಾಗ್ತದೆ ಮೇಡಂ" ಎಂದರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ನೂರು ಗ್ರಾಂ ಹುರುಳಿಯಲ್ಲಿ 20ಕ್ಕೂ ಹೆಚ್ಚು. ಬಂಗುಡೆ ಸಿಕ್ಕಿದ ದಿನ ಕೇಳುವುದೇ ಬೇಡ. ಡಬ್ಬ ಅಲ್ಲೇ ಇರಲಿ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ದೇವಸ್ಥಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೈಮುಗಿದು ಬೇಗ ಹೊರಟು ಬಿ.ಸಿ. ರೋಡಿಗೆ ಬಂದೆ. ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯ ಮೇಲೆ ಒಂದು ಹಳೆಯ ಜಿಮ್ಮು ಉಂಟೆಂದು ಸಹೋದ್ಯೋಗಿ ಹೇಳಿದ್ದಳು. ಅಲ್ಲಿಯೂ ಪೂಜೆ! ಡಂಬಲ್ಲುಗಳಿಗೆ ಕುಂಕುಮ, ರಾಡಿಗೆ ಗೊಂಡೆ ಹೂವಿನ ಮಾಲೆ, ಗೋಡೆಯ ಆಂಜನೇಯನ ಮುಂದೆ ಒಡೆದ ತೆಂಗಿನಕಾಯಿ. ಹಿಂದಿನ ವ್ಯಾಯಾಮ ಶಾಲೆಗಳ ಕಾಲದಿಂದಲೂ ಈ ಕಸುಬಿನ ದೇವರು ಬದಲಾಗಿಲ್ಲ. ಕೈಗೆ ಅವಲಕ್ಕಿ ಪ್ರಸಾದ ಕೊಟ್ಟರು.

ಎ.ಸಿ. ಇಲ್ಲ, ಎರಡು ಫ್ಯಾನು. ರಾಡುಗಳಲ್ಲಿ ತುಕ್ಕಿನ ಕಲೆ ಇತ್ತು. ಕರಾವಳಿಯ ಗಾಳಿಯಲ್ಲಿ ಕಬ್ಬಿಣ ತುಕ್ಕು ಹಿಡಿಯದೆ ಇರುವುದಿಲ್ಲ. ಎಣ್ಣೆಬಟ್ಟೆಯಲ್ಲಿ ಒರೆಸುತ್ತಾರೋ ಇಲ್ಲವೋ ಎಂಬುದನ್ನು ನೋಡಬೇಕು. ಒರೆಸಿದ್ದರು. ಹೆಂಗಸರ ಶೌಚಾಲಯದ ಚಿಲಕ ಹಾಕಿ ನೋಡಿದೆ, ಗಟ್ಟಿಯಿತ್ತು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ನಾವೇ ಹಾಕಿ ನೋಡಬೇಕು.

ಅಕ್ಟೋಬರ್ 17, ಗುರುವಾರ

ಕೆಲಸ ಬಿಟ್ಟು ಸಂಜೆ ಐದೂವರೆಗೆ ಅದೇ ಮಾಳಿಗೆಗೆ ಹೋದೆ. ಹೇಳದೆ ಕೇಳದೆ. ನಾನು ನಿಜವಾಗಿ ಬರಬಹುದಾದ ಹೊತ್ತಿನಲ್ಲಿ ಅಲ್ಲಿ ಯಾರಿರುತ್ತಾರೆ ಎಂದು ನೋಡಬೇಕಿತ್ತು. ಬ್ಯಾಂಕಿನ ಇಬ್ಬರು, ಒಬ್ಬಳು ಅಂಗನವಾಡಿ ಟೀಚರ್, ಕಾಲೇಜಿನ ಹುಡುಗರು ಐದಾರು ಮಂದಿ. ಹುಡುಗರ ಹಾಡು ಜೋರಾಗಿತ್ತು. ಟೀಚರ್ ಒಂದು ಸಲ ತಿರುಗಿ ನೋಡಿದ್ದೇ ತಗ್ಗಿತು.

ಕಲಿಸುವವರು ಐವತ್ತು ದಾಟಿದವರು. ಮೊದಲು ನೋವು ಎಲ್ಲಿ, ಎಷ್ಟು ಸಮಯದಿಂದ ಎಂದು ಕೇಳಿದರು. ಆಮೇಲೆ ಬೆಂಚಿನ ಮೇಲೆ ಕೂತು ಕೈ ಊರದೆ ಎದ್ದೇಳಿ ಎಂದರು. ಎದ್ದೆ. "ಬಲ ಮೊಣಕಾಲು ಒಳಗೆ ಎಳೀತಾ ಉಂಟು" ಎಂದರು. ನನಗೆ ಗೊತ್ತೇ ಇರಲಿಲ್ಲ. "ಮೊದಲ ತಿಂಗಳು ಇಷ್ಟೇ, ಭಾರ ಇಲ್ಲ. ಆಮೇಲೆ ಖಾಲಿ ರಾಡು, ಹೆಂಗಸರದ್ದು 15 ಕಿಲೋ." ಗಂಡಸರ ರಾಡು 20. ಹೀಗೂ ಉಂಟೆಂದು ಇವತ್ತು ತಿಳಿದೆ.

ಅಕ್ಟೋಬರ್ 20, ಭಾನುವಾರ

ಅಕ್ಕನ ಮಗಳು ಉಜಿರೆಯಿಂದ ಬಂದಿದ್ದಾಳೆ. ಜಿಮ್ಮಿನ ಸುದ್ದಿ ಕೇಳಿ ಕುಣಿದಳು. "ಚಿಕ್ಕಮ್ಮ, ನಮ್ಮ ಕಾಲೇಜಿನವರೇ ಅಲ್ವಾ ಗುರುರಾಜ ಪೂಜಾರಿ!" ಕುಂದಾಪುರ ತಾಲೂಕಿನ ಹುಡುಗ, ಅಪ್ಪ ಪಿಕಪ್ ಓಡಿಸುತ್ತಿದ್ದವರು, ಕುಸ್ತಿಯ ಆಸೆಯಲ್ಲಿದ್ದವನು ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದು ಭಾರ ಎತ್ತಲು ಕಲಿತ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ ಗೆದ್ದ, ಭಾರತಕ್ಕೆ ಆ ಕೂಟದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 269 ಕಿಲೋ, ಕಂಚು. ನನ್ನ 15 ಕಿಲೋ ಇನ್ನೂ ಒಂದು ತಿಂಗಳು ದೂರದಲ್ಲಿದೆ. ಆದರೂ ಕುಸ್ತಿಯ ಹುಡುಗನನ್ನು ನೋಡಿ ಇವನಿಗೆ ಇದಲ್ಲ, ಅದು ಎಂದು ತಿರುಗಿಸಿದ ಕಣ್ಣು ಇತ್ತಲ್ಲ, ನಾನು ಹುಡುಕುತ್ತಿರುವುದು ಅಂಥದ್ದನ್ನೇ. ಕನ್ನಡಿ ಎಲ್ಲಿ ಬೇಕಾದರೂ ಸಿಗುತ್ತದೆ.

ಅಕ್ಟೋಬರ್ 29, ಮಂಗಳವಾರ

ನಟ ಪುನೀತ್, ನಮ್ಮೆಲ್ಲರ ಅಪ್ಪು, ಹೋಗಿ ಇವತ್ತಿಗೆ ಮೂರು ವರ್ಷ. ಟಿವಿಯಲ್ಲಿ ಬೆಳಿಗ್ಗೆಯಿಂದ ಅದೇ. 46 ವರ್ಷ, ಅಷ್ಟು ಗಟ್ಟಿ ದೇಹ, ಆದರೂ ಹೃದಯಾಘಾತ. ಆ ವಾರ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದಿದ್ದರು. "ನೋಡು, ಜಿಮ್ಮು ಜಿಮ್ಮು ಎಂದು..." ಎಂದು ಶುರು ಮಾಡಿದ ಅತ್ತೆ ನನ್ನ ಮುಖ ನೋಡಿ ನಿಲ್ಲಿಸಿದರು. ಅವರ ಭಯ ಸುಳ್ಳಲ್ಲ. ತಪ್ಪನ್ನು ಜಿಮ್ಮಿನ ಮೇಲೆ ಹೊರಿಸುವುದು ಮಾತ್ರ ಸುಲಭದ ಕೆಲಸ. ನಿನ್ನೆಯೇ ಬಿ.ಪಿ., ಶುಗರ್, ಇಸಿಜಿ ಮಾಡಿಸಿದ್ದೆ. ಚೀಟಿಯನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿ ಓದಿದರು, ಅರ್ಥವಾಗದಿದ್ದರೂ.

ನವೆಂಬರ್ 4, ಸೋಮವಾರ

ಹಬ್ಬ ಮುಗಿಯಿತು. ಮಾಳಿಗೆಯ ಜಿಮ್ಮಿಗೇ ಸೇರಿದೆ. ಮೂರರಲ್ಲಿ ಚಂದದ್ದು ಅದಲ್ಲ, ಕಲಿಸಲು ಹೆಂಗಸಿಲ್ಲ ಎಂಬ ಕೊರತೆಯೂ ಉಂಟು. ಆದರೆ ಕಚೇರಿಯ ಮೆಟ್ಟಿಲಿಳಿದು ಹತ್ತು ನಿಮಿಷಕ್ಕೆ ಅಲ್ಲಿರುತ್ತೇನೆ, ಪೊಳಲಿಗೆ ಬಸ್ಸು ಹಿಡಿಯುವುದೂ ಪಕ್ಕದಲ್ಲೇ. ಸೋಮ, ಬುಧ, ಶುಕ್ರ. ಅತ್ತೆ ರಾತ್ರಿಗೆ ಹುರುಳಿ ಸಾರು ಮಾಡಿದ್ದರು, ಕೇಳದೆಯೇ.

ಇವರೂ ವರ್ಷದ ಹಣದ ಮಾತೆತ್ತಿದರು. ಒಂದು ತಿಂಗಳದ್ದು ಮಾತ್ರ ಕೊಟ್ಟು ರಶೀದಿ ತೆಗೆದುಕೊಂಡೆ.