ನೀರು ಬಂತು, ಹಾಡು ಬರಲಿಲ್ಲ

1995ರ ಬೇಸಿಗೆ. ಹನುಮಂತನಗರದ ನಮ್ಮ ಬಾಡಿಗೆ ಮನೆಗೆ ದಿನ ಬಿಟ್ಟು ದಿನ ನೀರು. ಗೆಳೆಯನೊಬ್ಬ ರೆಕಾರ್ಡ್ ಮಾಡಿಕೊಟ್ಟ ಕ್ಯಾಸೆಟ್ಟನ್ನು, ಊದಿನಕಡ್ಡಿ ಹಚ್ಚುವುದೊಂದು ಬಿಟ್ಟು ಮಿಕ್ಕೆಲ್ಲ ಭಕ್ತಿಯಿಂದ ಟೇಪ್‌ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದೆ. ಸ್ಟೋನ್ ರೋಸಸ್ ಬ್ಯಾಂಡಿನ ಎರಡನೇ ಆಲ್ಬಂ. ಜುಳುಜುಳು ನೀರು. ಹಕ್ಕಿಗಳು. ಮತ್ತೆ ನೀರು.

"ಲೋ, ನೀರು ಬಂತು ಕಣೋ!" ಅಮ್ಮ ಬಿಂದಿಗೆ ಹಿಡಿದು ಹಿತ್ತಲಿಗೆ ಓಡಿದಳು. ಹಿಂದೆಯೇ ಬಕೆಟ್ಟಿನೊಂದಿಗೆ ಅಜ್ಜಿ. ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ. ಆಲ್ಬಮ್ಮಿನ ಹನ್ನೊಂದು ನಿಮಿಷದ ಆ ಮೊದಲ ಹಾಡಿನ ಆರಂಭದ ನಾಲ್ಕೂವರೆ ನಿಮಿಷ ಹಾಡೇ ಇಲ್ಲ ಎಂಬುದು ನನಗೂ ಗೊತ್ತಿರಲಿಲ್ಲ. ಅವರಿಗೆ ಹೇಗೆ ಹೇಳಲಿ? ನಿಜ ತಿಳಿದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಇದಕ್ಕೂ ದುಡ್ಡು ಕೊಡ್ತಾರೇನೋ?"

ಕೊಟ್ಟಿದ್ದರು, ಧಾರಾಳವಾಗಿ. ಮ್ಯಾಂಚೆಸ್ಟರಿನ ಆ ನಾಲ್ವರು 1989ರಲ್ಲಿ ತಂದ ಮೊದಲ ಆಲ್ಬಂ ಇಂಗ್ಲೆಂಡಿನ ಹುಡುಗರಿಗೆ ಹುಚ್ಚು ಹಿಡಿಸಿತ್ತು. ಆಮೇಲೆ ಐದು ವರ್ಷ ಸದ್ದಿಲ್ಲ. ಸದ್ದಿಲ್ಲವೆಂದರೆ ಹೊಸ ಆಲ್ಬಮ್ಮಿನ ಸದ್ದು, ಕೋರ್ಟಿನದು ಬೇಕಾದಷ್ಟಿತ್ತು. 1990ರಲ್ಲಿ ಹಳೆಯ ರೆಕಾರ್ಡ್ ಕಂಪನಿಯೊಂದರ ಮೇಲೆ ಸಿಟ್ಟಾಗಿ ಅದರ ಆಫೀಸಿಗೇ ಹೋಗಿ ಬಣ್ಣ ಎರಚಿ ದಂಡ ಕಟ್ಟಿದರು. ನಮ್ಮಲ್ಲಾದರೆ ಹೋಳಿ ಎಂದು ತಪ್ಪಿಸಿಕೊಳ್ಳಬಹುದಿತ್ತು. ಮತ್ತೊಂದು ಕಂಪನಿಯ ಕರಾರಿನಿಂದ ಬಿಡಿಸಿಕೊಳ್ಳುವಷ್ಟರಲ್ಲಿ 1991 ಬಂತು. ಆಮೇಲೆ ಗೆಫನ್ ಕಂಪನಿಯ ಹಣ, ವೇಲ್ಸಿನ ರಾಕ್‌ಫೀಲ್ಡ್ ಸ್ಟುಡಿಯೋ, ಮುಗಿಯದ ರೆಕಾರ್ಡಿಂಗು. ಮೊದಲ ಆಲ್ಬಮ್ಮನ್ನು ರೂಪಿಸಿದ್ದ ಜಾನ್ ಲೆಕಿ ನಡುವೆಯೇ ಕೈತೊಳೆದುಕೊಂಡ.

1994ರ ಡಿಸೆಂಬರಿನಲ್ಲಿ ಕೊನೆಗೂ ಬಂದದ್ದಕ್ಕೆ ಅವರಿಟ್ಟ ಹೆಸರು 'ಸೆಕೆಂಡ್ ಕಮಿಂಗ್', ಅಂದರೆ ಕ್ರಿಸ್ತನ ಮರುಬರವು. ಹೆಸರಿಗೇನು ಬಡತನ! ಅಷ್ಟರಲ್ಲಿ ಅವರದೇ ಊರಿನ ಓಯಸಿಸ್ ಬ್ಯಾಂಡ್ ಆಗಸ್ಟಿನಲ್ಲೇ ಮೊದಲ ಆಲ್ಬಂ ತಂದು, ಹೆಸರಿಗೆ ತಕ್ಕಂತೆ ಬಾಯಾರಿದವರಿಗೆಲ್ಲ ನೀರು ಕೊಟ್ಟಾಗಿತ್ತು. ಆದರೂ ನನಗೆ ಸ್ಟೋನ್ ರೋಸಸ್ ಮೇಲೆ ಮಮತೆ. ದೊಡ್ಡ ಪತ್ರಿಕೆಗಳೆಲ್ಲ ಕಾದು ಕುಳಿತಿದ್ದಾಗ ಇವರು ಮೊದಲ ಸಂದರ್ಶನ ಕೊಟ್ಟದ್ದು ಮನೆಯಿಲ್ಲದವರು ಬೀದಿಯಲ್ಲಿ ಮಾರುವ 'ದಿ ಬಿಗ್ ಇಶ್ಯೂ'ಗೆ.

ವಿಮರ್ಶಕರು ಮುಖ ಸಿಂಡರಿಸಿದರು. ಮೊದಲಿನ ಹಗುರು ಹೋಯಿತು, ಜಾನ್ ಸ್ಕ್ವಯರನ ಗಿಟಾರ್ ಅತಿಯಾಯಿತು, ಲೆಡ್ ಜೆಪ್ಲಿನ್ ಬ್ಯಾಂಡಿನ ವಾಸನೆ ಎಂದರು. ಸುಳ್ಳಲ್ಲ. ಆದರೆ ಒಬ್ಬಟ್ಟಿನ ಸಾರನ್ನು ಹಬ್ಬದ ದಿನವೇ ಅಳೆಯುವವರಿಗೆ ಏನು ಹೇಳುವುದು? ಒಬ್ಬಟ್ಟಿನ ಮುಂದೆ ಅದನ್ನು ಯಾರೂ ಕೇಳುವುದಿಲ್ಲ. ಮರುದಿನ ಕುದಿಸಿದರೆ ತಳ ಕೆರೆಯುತ್ತಾರೆ. ಈ ಆಲ್ಬಂ ನನಗೆ ರುಚಿಸಲು ಹತ್ತು ವರ್ಷ ಬೇಕಾಯಿತು. ಈಗ ಮೊದಲನೆಯದಕ್ಕಿಂತ ಇದನ್ನೇ ಹೆಚ್ಚು ಕೇಳುತ್ತೇನೆ.

ಆಲ್ಬಂ ಬಂದು ಕೆಲವೇ ತಿಂಗಳಿಗೆ ಡ್ರಮ್ಮರ್ ರೆನಿ ಬಿಟ್ಟುಹೋದ. 1996ರಲ್ಲಿ ಸ್ಕ್ವಯರ್ ಹೊರಟ, ಅದೇ ವರ್ಷ ಬ್ಯಾಂಡೂ ಮುಗಿಯಿತು. ಬಹಳ ವರ್ಷಗಳ ಮೇಲೆ ಮತ್ತೆ ಕೂಡಿದರು, 2016ರಲ್ಲಿ ಎರಡು ಹಾಡು ಬಿಟ್ಟರು. ಮೂರನೇ ಆಲ್ಬಂ ಬರಲೇ ಇಲ್ಲ.

ಅಮ್ಮ ಅದನ್ನು ಕೊನೆಯವರೆಗೂ "ನಲ್ಲಿ ಕ್ಯಾಸೆಟ್ಟು" ಎಂದೇ ಕರೆದಳು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ದಿನವಿಡೀ ನೀರು. ಮೊನ್ನೆ ಮೊಬೈಲಿನಲ್ಲಿ ಆ ಹಾಡು ಹಾಕಿದೆ. ನಾಲ್ಕೂವರೆ ನಿಮಿಷ ನೀರು ಹರಿಯಿತು. ಬಿಂದಿಗೆ ಹಿಡಿದು ಯಾರೂ ಓಡಲಿಲ್ಲ.