ಸವಣೂರಿನ ದೊಡ್ಡಹುಣಸೆ

ಮಾಗಿಯ ಒಂದು ಮುಂಜಾವಿನಲ್ಲಿ ನಾವು ಸವಣೂರಿನ ದೊಡ್ಡಹುಣಸೆ ಕಲ್ಮಠವನ್ನು ಸಂದರ್ಶಿಸಿದೆವು. ಅಂಗಳದ ಮಹಾವೃಕ್ಷಗಳು ಎಲೆಯುದುರಿಸಿ ಬೋಳಾಗಿ ನಿಂತಿದ್ದವು. ಇವು ನಮ್ಮ ಹುಣಸೆಯ ಕುಲದವಲ್ಲ. ಆಫ್ರಿಕದ ಒಣನಾಡಿನ ಬಾವೊಬಾಬ್ ಮರಗಳು. ಕಾಯಿಯ ತಿರುಳು ಮಾತ್ರ ಹುಣಸೆಯಂತೆ ಹುಳಿ. ಮಳೆಗಾಲದ ನೀರನ್ನು ದಪ್ಪ ಕಾಂಡದಲ್ಲಿ ಕೂಡಿಟ್ಟು, ಎಲೆಗಳನ್ನು ತೊರೆದು, ನೀರಿಲ್ಲದ ತಿಂಗಳುಗಳನ್ನು ಕಳೆಯುವುದು ಇವುಗಳ ರೀತಿ.

ಇಲ್ಲಿದ್ದ ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿತು. ಅದನ್ನು ಸೌದೆಯೆಂದು ಕಡಿಯದೆ, ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಚಳಿಗಾಲದಲ್ಲಿ ಬೋಳು ಮರವನ್ನು ಕಂಡು ಸತ್ತಿತೆನ್ನಲಾಗದು. ಚಿಗುರಿಗೆ ಮಳೆಯವರೆಗೆ ಕಾಯಬೇಕು. ದೂರದಿಂದ ಬಂದುದನ್ನು ಶತಮಾನಗಳ ಕಾಲ ಸಾಕಿದ ಊರು, ಬಿದ್ದುದನ್ನೂ ಕೈಬಿಡಲಿಲ್ಲ. ದರ್ಶನಕ್ಕೆ ಹೋಗುವ ಬಂಧುಗಳು ಬೇರುಗಳನ್ನು ತುಳಿಯದೆ ನೋಡಿ ಬರಬೇಕೆಂಬುದು ನಮ್ಮ ವಿನಂತಿ.